ನಾಲ್ಕನೇ ಜ್ವರದ ಹಾಡು

ಆ ಹಾಡು ಹೇಗೆ ಹುಟ್ಟಿತು ಅನ್ನುವುದಕ್ಕೆ ನಮ್ಮ ಮಾಸ್ಟರು ಒಂದು ಕಥೆ ಕಟ್ಟಿದ್ದರು. ಕೋಲಾರದ ಬೆಟ್ಟದ ಮೇಲೆ ಒಬ್ಬರೇ ಕೂತಿದ್ದಾಗ ಗಾಳಿಯಲ್ಲಿ ರಾಗ ತೇಲಿ ಬಂತಂತೆ. ಕೇಳಿದವರೆಲ್ಲ ನಂಬಿದರು. ಮಂಡಿ ನೋವಿನಿಂದ ತಮ್ಮ ಅಂಗಡಿಯ ಮೂರು ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಿದ್ದ ಮನುಷ್ಯ ಬೆಟ್ಟ ಯಾವಾಗ ಹತ್ತಿದರೋ ನನಗಂತೂ ಗೊತ್ತಿಲ್ಲ. ನಿಜವಾದ ಕಥೆ ನನ್ನ ಹತ್ತಿರ ಇದೆ. ಇಷ್ಟು ವರ್ಷ ಬರೆಯದೆ ಇದ್ದದ್ದು ನಾಚಿಕೆಯಿಂದ. ಈಗ ನಾಚಿಕೆಪಡುವುದಕ್ಕೂ ಸುಸ್ತಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಶುರುವಿನಲ್ಲಿ ಮಾಸ್ಟರಿಗೆ ಕೋಲಾರದ ಕ್ಲಾಕ್ ಟವರ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇತ್ತು. ಕೆ.ಜಿ.ಎಫ್.ನ ಒಂದು ಆಂಗ್ಲೋ ಇಂಡಿಯನ್ ಕುಟುಂಬ ಆಸ್ಟ್ರೇಲಿಯಾಕ್ಕೆ ಗಂಟುಮೂಟೆ ಕಟ್ಟಿದಾಗ ಅವರ ಎಲೆಕ್ಟ್ರಿಕ್ ಗಿಟಾರ್ ಇವರ ಪಾಲಿಗೆ ಬಂತು. ಹಳೇ ರೇಡಿಯೋಗಳ ಹೊಟ್ಟೆ ಬಗೆದು ಅದಕ್ಕೊಂದು ಆಂಪ್ಲಿಫೈಯರ್ ಅನ್ನೂ ತಾವೇ ಕಟ್ಟಿದರು. ಅದು ಆನ್ ಆದ ಕೂಡಲೇ ಮೊದಲು ಬೆಂಗಳೂರು ಆಕಾಶವಾಣಿ ಬರುತ್ತಿತ್ತು, ಆಮೇಲೆ ಗಿಟಾರ್. ಅಷ್ಟು ಸಾಕಾಗಿತ್ತು. ಆರು ಜನ ಸೇರಿ ಆರ್ಕೆಸ್ಟ್ರಾ ಮಾಡಿದೆವು. ಬೆಲ್‌ಬಾಟಂ ಪ್ಯಾಂಟು, ಕಿವಿ ಮುಚ್ಚುವ ಕೂದಲು, ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ ಇಂಗ್ಲಿಷ್ ಹಾಡು. ಮಾಲೂರಿನ ಮದುವೆ ಮನೆಗಳಲ್ಲಿ ಮುದುಕಿಯರು ಕಿವಿಗೆ ಸೆರಗು ಒತ್ತಿಕೊಂಡರೂ ಎದ್ದು ಹೋಗುತ್ತಿರಲಿಲ್ಲ.

ನಾನು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯವನು. ಕೋಲಾರಕ್ಕೆ ಓದಲು ಬಂದು, ಓದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಲಿತವನು. ಆರ್ಕೆಸ್ಟ್ರಾದಲ್ಲಿ ನನ್ನ ಕೆಲಸ ಲೇಡಿ ವಾಯ್ಸ್. ಆಗ ನಮ್ಮ ಕಡೆ ವೇದಿಕೆ ಮೇಲೆ ನಿಂತು ಹಾಡಲು ಯಾರ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಹಾಗಾಗಿ ಪ್ರತಿ ಆರ್ಕೆಸ್ಟ್ರಾದಲ್ಲೂ ಹೆಂಗಸಿನ ಗಂಟಲಿನಲ್ಲಿ ಹಾಡುವ ಒಬ್ಬ ಗಂಡಸು ಇರಲೇಬೇಕಾಗಿತ್ತು. ಮೊದಲು ಪರದೆಯ ಹಿಂದೆ ನಿಂತು ಒಂದು ಚರಣ ಹಾಡುತ್ತಿದ್ದೆ. ಜನ ಹುಡುಗಿಯನ್ನು ತೋರಿಸಿ ಅಂತ ಶಿಳ್ಳೆ ಹೊಡೆಯುತ್ತಿದ್ದರು. ಆಗ ಮೀಸೆ ತೀಡಿಕೊಂಡು ಈಚೆ ಬರುತ್ತಿದ್ದೆ. ನಗು, ಚಪ್ಪಾಳೆ, ಕೆಲವರ ಬೈಗುಳ. ನನ್ನ ಗಂಟಲು ಆಗ ಎಷ್ಟು ನಯವಾಗಿತ್ತೆಂದರೆ ನನಗೇ ಅದರ ಮೇಲೆ ಮೋಹ ಇತ್ತು. ಸುಳ್ಳೇಕೆ ಹೇಳಲಿ, ನನ್ನ ಜೀವನದಲ್ಲಿ ಚೆನ್ನಾಗಿದ್ದದ್ದು ಅದೊಂದೇ ಅಂತ ಅಂದುಕೊಂಡಿದ್ದೆ.

ಐದು ವರ್ಷ ನಡೆಯಿತು. ಆಮೇಲೆ ಮದುವೆ ಮನೆಯವರು ರೆಕಾರ್ಡ್ ಪ್ಲೇಯರ್ ತಂದು ಮೈಕಿನ ಮುಂದಿಟ್ಟು ಕೆಲಸ ಮುಗಿಸಲು ಕಲಿತರು. ನಮ್ಮ ಡ್ರಮ್ಮಿನವನು ನರಸಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟ. ಒಬ್ಬೊಬ್ಬರೇ ಕಳಚಿಕೊಂಡೆವು. ನನಗೆ ಮದುವೆ ಗೊತ್ತಾಯಿತು. ಹುಡುಗಿ ಆಂಧ್ರದ ಗಡಿಗೆ ಅಂಟಿಕೊಂಡ ಊರಿನವಳು, ಕನ್ನಡದಲ್ಲಿ ಮಾತಾಡಿ ತೆಲುಗಿನಲ್ಲಿ ಬೇಸರಪಡುವವಳು. ಅವರಪ್ಪ ನನ್ನನ್ನು ಯಾವುದೋ ಕಾರ್ಯಕ್ರಮದಲ್ಲಿ ನೋಡಿಬಿಟ್ಟಿದ್ದರು. ನಿಶ್ಚಿತಾರ್ಥದ ದಿನ ಬೇರೇನೂ ಕೇಳಲಿಲ್ಲ.

"ಗಂಡಸಿನ ಥರ ಎಷ್ಟು ಬೇಕಾದ್ರೂ ಹಾಡ್ಕೊಳ್ಳಿ ಬಾಬು. ಹೆಂಗಸಿನ ಥರ ಬೇಡ. ನಾಳೆ ನಮ್ಮೂರಾಗೆ ನಾನು ತಲೆ ಎತ್ಕೊಂಡು ತಿರಗಬೇಕಲ್ಲ," ಅಂದರು.

ಆಗಲಿ ಮಾವ ಅಂದೆ. ಅಷ್ಟು ಸಲೀಸಾಗಿ ಅಂದುಬಿಟ್ಟೆ. ಗಂಡಸಿನ ಥರ ಹಾಡಲು ನನಗೆ ಬರುತ್ತಿರಲಿಲ್ಲ, ಆದ್ದರಿಂದ ಹಾಡುವುದನ್ನೇ ಬಿಟ್ಟೆ. ಮುಳಬಾಗಿಲು ಶ್ರೀನಿವಾಸಪುರದ ನಡುವೆ ಓಡುವ ಒಂದು ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆದೆ. ಬೆಳಗಿನಿಂದ ಸಂಜೆಯವರೆಗೆ ಊರುಗಳ ಹೆಸರು ಕೂಗಿ, ಮುಂದೆ ಹೋಗಿ ಮುಂದೆ ಹೋಗಿ ಅಂತ ಅರಚಿ, ಎರಡು ವರ್ಷದಲ್ಲಿ ಆ ನಯವಾದ ಗಂಟಲು ಒಡೆದ ಡಬ್ಬದ ಹಾಗಾಯಿತು. ಮನೆಗೆ ಬಂದರೆ ಮಾತು ಬೇಡ, ಮನುಷ್ಯರು ಬೇಡ. ಕೈಕಾಲು ತೊಳೆದು ಮಂಚದ ಮೇಲೆ ಬಿದ್ದರೆ ಮುಗಿಯಿತು. ನನ್ನಷ್ಟು ದಣಿದವನು ಈ ಜಿಲ್ಲೆಯಲ್ಲೇ ಇಲ್ಲ ಎಂದು ನನ್ನ ನಂಬಿಕೆ.

ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಸಾಕುತ್ತಿದ್ದೆವು ಅಂತ ಬರೆದೆ, ಈಗ ನೋಡಿದರೆ ಆ ಪದವೇ ತಪ್ಪು. ಅವಳು ಸಾಕುತ್ತಿದ್ದಳು. ಮಲಗುವ ಕೋಣೆಯ ಪಕ್ಕದ್ದೇ ಹುಳದ ಮನೆ, ನಡುವೆ ಮಣ್ಣಿನ ಗೋಡೆ, ಬಾಗಿಲಿಗೆ ಒದ್ದೆ ಗೋಣಿತಟ್ಟು. ಭಾನುವಾರ ತೋಟದಿಂದ ಎರಡು ಹೊರೆ ಹಿಪ್ಪುನೇರಳೆ ಸೊಪ್ಪು ತಂದು ಅಂಗಳದಲ್ಲಿ ಕೆಡವಿದರೆ ನನ್ನ ಪಾಲಿನ ಕೆಲಸ ಆಯಿತು ಅಂದುಕೊಳ್ಳುತ್ತಿದ್ದೆ. ಸೊಪ್ಪು ಬಿಡಿಸುವುದು, ಹುಳದ ಅಳತೆಗೆ ತಕ್ಕ ಹಾಗೆ ಕುಯ್ಯುವುದು, ಹುಳವಿದ್ದ ಬಿದಿರಿನ ತಟ್ಟೆ ತಟ್ಟೆಗೂ ಹರಡುವುದು, ಕಸ ತೆಗೆಯುವುದು, ಇಬ್ಬರು ಮಕ್ಕಳನ್ನು ನೋಡಿಕೊಳ್ಳುವುದು, ಎಲ್ಲ ಅವಳದು. ದಿನದ ಮೊದಲ ಸೊಪ್ಪು ಬೆಳಗಿನ ಜಾವ ನಾಲ್ಕಕ್ಕೆ ಬೀಳಬೇಕು. ಬೀಳದಿದ್ದರೆ ಹುಳ ಒಂದು ಕಡೆ ದೊಡ್ಡದು ಒಂದು ಕಡೆ ಸಣ್ಣದು ಆಗಿ, ಗೂಡು ಕಟ್ಟುವ ಹೊತ್ತಿಗೆ ಎಲ್ಲ ಏರುಪೇರು.

ರೇಷ್ಮೆ ಹುಳ ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳ ಒಂದು ದಿನ ಏನೂ ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹುಳ ಸಾಕುವ ಹೆಂಗಸಿಗೆ ಇರುವ ರಜ ಅದೊಂದೇ. ನಾಲ್ಕನೆಯದು ಕಡೆಯ ರಜ. ಅದರಿಂದ ಎದ್ದ ಹುಳ ಒಂದು ವಾರ ಪೂರ್ತಿ ಹಗಲೂ ರಾತ್ರಿ ತಿನ್ನುತ್ತದೆ, ಆಗ ಅವಳಿಗೆ ಕೂರಲೂ ಹೊತ್ತಿಲ್ಲ.

ಬೆಳಗಿನ ಜಾವ ಅವಳು ಗೋಡೆಯಾಚೆ ತಟ್ಟೆ ಎಳೆಯುವ ಸದ್ದಿಗೆ ನನಗೆ ಎಚ್ಚರ ಆಗುತ್ತಿತ್ತು. ಎದ್ದು ಕೂರುವಷ್ಟು ಅಲ್ಲ, ಕೇಳಿಸಿಕೊಳ್ಳುವಷ್ಟು. ಅವಳು ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದಳು. ಮಾತೂ ಅಲ್ಲದ ಹಾಡೂ ಅಲ್ಲದ ಎಳೆತ. "ಜ್ವರಂ ಒಸ್ತೇ ಚಾಲು ತಲ್ಲೀ, ಒಕ್ಕ ರೋಜು ಪಡುಕುಂಟಾ." ಜ್ವರ ಬಂದರೆ ಸಾಕು ತಾಯೀ, ಒಂದು ದಿನ ಮಲಗುತ್ತೇನೆ. ತಟ್ಟೆಯಿಂದ ತಟ್ಟೆಗೆ ಹೋಗುತ್ತಾ ಅದನ್ನೇ ಹೇಳುತ್ತಿದ್ದಳು. ಕೊನೆಯ ತಟ್ಟೆಗೆ ಬರುವ ಹೊತ್ತಿಗೆ 'ತಲ್ಲೀ' ಅನ್ನುವುದು ಉಸಿರಷ್ಟೇ ಆಗಿರುತ್ತಿತ್ತು. ನಾನು ಮಗ್ಗುಲು ಬದಲಾಯಿಸಿ ಮಲಗುತ್ತಿದ್ದೆ. ಎಂಟು ವರ್ಷ ಹೀಗೇ ನಡೆಯಿತು.

ಎಂಬತ್ತರ ದಶಕ ಬಂದು ಊರೂರಿಗೆ ಟೇಪ್ ರೆಕಾರ್ಡರ್ ಹೊಕ್ಕಿತು. ಒಂದು ದಿನ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಮಾಸ್ಟರು ನನ್ನ ಬಸ್ಸಿನ ಮೆಟ್ಟಿಲ ಹತ್ತಿರ ನಿಂತಿದ್ದರು. ಕೂದಲು ನೆತ್ತಿಯಲ್ಲಿ ಹೋಗಿತ್ತು, ಕಿವಿಯ ಹತ್ತಿರ ಮಾತ್ರ ಹಠ ಮಾಡಿ ಉಳಿಸಿಕೊಂಡಿದ್ದರು.

"ಲೇ, ಬೆಂಗಳೂರಲ್ಲಿ ಒಬ್ರು ಕ್ಯಾಸೆಟ್ ಮಾಡ್ತೀನಿ ಅಂತಾರೆ ಕಣೋ. ನಮ್ಮ ಹಳೇ ಸೆಟ್ ಎಲ್ಲ ಬರ್ತಾರೆ. ನೀನೂ ಬಾ."

"ನನ್ನ ಗಂಟಲು ಹೋಗಿದೆ ಮಾಸ್ಟ್ರೇ. ಕೇಳಿಸ್ತಿಲ್ವಾ?"

"ನಂಗೆ ಮಂಡಿ ಹೋಗಿದೆ, ಡ್ರಮ್ಮಿನವನಿಗೆ ಹಲ್ಲು ಹೋಗಿದೆ. ಬಾರೋ ಸುಮ್ನೆ."

ಹೆಂಡತಿಗೆ ನಾನು ಕೈತಾಳ ಬಾರಿಸಲು ಹೋಗುತ್ತಿದ್ದೇನೆ ಅಂತ ಹೇಳಿದೆ. ಅವಳು ಹೂಂ ಅಂದಳು, ಬರುವಾಗ ಗೋಣಿಚೀಲ ಹೊಲಿಯುವ ಸೂಜಿ ತನ್ನಿ ಅಂದಳು.

ಸ್ಟುಡಿಯೋ ಅಂದರೆ ಬೆಂಗಳೂರಿನ ಒಂದು ಮನೆಯ ಹಿಂದಿನ ಕೋಣೆ. ಗೋಡೆಗೆಲ್ಲ ಹಳೇ ಹಾಸಿಗೆ ಬಡಿದಿದ್ದರು. ಸದ್ದು ಬರುತ್ತದೆಂದು ಫ್ಯಾನ್ ಹಾಕುವ ಹಾಗಿಲ್ಲ. ಬೇಸಿಗೆಯ ಮಧ್ಯಾಹ್ನ, ಏಳು ಜನ, ಬೆವರು. ಏಳು ಹಾಡು ಮುಗಿಸಿದೆವು. ಎಲ್ಲ ಹಳೇ ಮಾದರಿಯವು, ನಾನು ಹಳೇ ಗಂಟಲಿಗಾಗಿ ಮೇಲಕ್ಕೆ ಹೋಗಿ ಹೋಗಿ ಕೀರಲು ದನಿಯಲ್ಲಿ ಬಿದ್ದೆ. ಕ್ಯಾಸೆಟ್ಟಿನ ಯಜಮಾನರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಕೊನೆಗೆ, ಎರಡನೇ ಸೈಡಿನಲ್ಲಿ ನಾಲ್ಕು ನಿಮಿಷ ಜಾಗ ಮಿಕ್ಕಿದೆ, ಏನಾದರೂ ತುಂಬಿಸಿ ಅಂದರು.

ನಮ್ಮ ಹತ್ತಿರ ಹಾಡೇ ಉಳಿದಿರಲಿಲ್ಲ. ಮಾಸ್ಟರು ಬೇಸತ್ತು ಗಿಟಾರಿನ ಎರಡು ತಂತಿಗಳನ್ನು ಸುಮ್ಮನೆ ಹಿಂದೆ ಮುಂದೆ ಮೀಟುತ್ತಿದ್ದರು. ಅದು ತಟ್ಟೆ ಎಳೆದು ತಟ್ಟೆ ದೂಡುವ ಲೆಕ್ಕಕ್ಕೆ ಸರಿಯಾಗಿ ಕೂತಿತು. ನನ್ನ ಬಾಯಿಂದ ಹೆಂಡತಿಯ ಆ ಗೊಣಗು ಕನ್ನಡದಲ್ಲಿ ಹೊರಟಿತು.

ಬಾರೋ ಜ್ವರವೇ, ಬೇಗ ಬಾ,
ಹುಳಕೊಂದು ದಿನ, ನನಗೊಂದು ದಿನ,
ಬಾಗಿಲ ಹಾಕಿ ಮಲಗುವೆ ನಾ.

"ಮೇಲಕ್ಕೆ ಹೋಗ್ಬೇಡ ಕಣೋ," ಅಂದರು ಮಾಸ್ಟರು. "ಕೆಳಗೇ ಹೇಳು. ಈಗ ಹೇಳ್ದಲ್ಲ, ಹಂಗೇ."

ಕೆಳಗೇ ಹೇಳಿದೆ. ಸಿನಿಮಾ ಹುಡುಗಿಯ ಗಂಟಲು ತರಲು ಹೋಗಲಿಲ್ಲ, ತರಲು ತ್ರಾಣವೂ ಇರಲಿಲ್ಲ. ನಡುನಡುವೆ ನಾಲ್ಕು ಸಾಲು ಅಲ್ಲೇ ಸೇರಿಸಿದೆ. ಕೊನೆಯಲ್ಲಿ 'ಬಾ' ಅನ್ನುವುದು ಉಸಿರಾಗಿ ನಿಂತುಹೋಯಿತು. ಒಂದೇ ಸಲಕ್ಕೆ ಮುಗಿಯಿತು. ಯಜಮಾನರು ಮೊದಲ ಸಲ ತಲೆ ಎತ್ತಿದರು.

"ಇದೆಲ್ಲಿತ್ತಯ್ಯ ಇಷ್ಟು ಹೊತ್ತು? ಎಲ್ಲಿಂದ ತಂದೆ ಈ ಗಂಟಲನ್ನ?"

"ಬಸ್ಸಿಂದ ಸಾರ್. ದಿನಾ ಕೂಗಿ ಕೂಗಿ ಸುಸ್ತಾಗಿದೀನಿ," ಅಂದೆ. ಹಾಗೇ ನಂಬಿದ್ದೆ ಕೂಡ. ಪದ ಅವಳದು ಅಂತ ಗೊತ್ತಿತ್ತು. ಸುಸ್ತು ಮಾತ್ರ ನನ್ನದೇ ಅಂತ ನನ್ನ ಎಣಿಕೆ.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನನ್ನ ಹೆಸರು ಹಾಕಬೇಕಾ ಎಂದು ಮಾಸ್ಟರು ಕೇಳಿದರು. ಮಾವನಿಗೆ ಕೊಟ್ಟ ಮಾತು ನೆನಪಾಗಿ ಬೇಡ ಅಂದೆ. ಯಜಮಾನರು ಕ್ಯಾಲೆಂಡರಿನವರ ಹತ್ತಿರ ಇದ್ದ ಯಾವುದೋ ಹುಡುಗಿಯ ಫೋಟೋ ತಂದು ಅಚ್ಚು ಹಾಕಿಸಿದರು. ತಲೆ ತುಂಬ ಕನಕಾಂಬರ, ಕೈಯಲ್ಲಿ ಕೊಡ. ರೇಷ್ಮೆ ಹುಳವನ್ನು ಕನಸಿನಲ್ಲೂ ಕಂಡಿರದ ಮುಖ.

ಎರಡು ತಿಂಗಳಲ್ಲಿ ಆ ಹಾಡು ಎಲ್ಲೆಲ್ಲೂ ಕೇಳತೊಡಗಿತು. ಮೊದಲ ಏಳು ಹಾಡನ್ನು ಯಾರೂ ಕೇಳಲಿಲ್ಲ, ಕ್ಯಾಸೆಟ್ಟನ್ನು ತಿರುಗಿಸಿ, ಮುಂದಕ್ಕೆ ಓಡಿಸಿ ಅದೊಂದನ್ನೇ ಹಾಕುತ್ತಿದ್ದರು. ಮುಳಬಾಗಿಲಿನ ಟೀ ಅಂಗಡಿ, ಶ್ರೀನಿವಾಸಪುರದ ಮಾವಿನ ಮಂಡಿ, ಮಾಲೂರಿನ ಹೆಂಚಿನ ಫ್ಯಾಕ್ಟರಿ ಮುಂದಿನ ಹೋಟೆಲು. ಕೋಲಾರದ ಕ್ಯಾಸೆಟ್ ಅಂಗಡಿಯವನು ಬಾಗಿಲಿಗೆ ಸ್ಪೀಕರ್ ಕಟ್ಟಿದ್ದ. ಮಾಸ್ಟರಿಗೆ ಮತ್ತೆ ಹುರುಪು ಬಂದು ಹೊಸ ಬೆಲ್‌ಬಾಟಂ ಹೊಲಿಸಿದರು, ಆ ಫ್ಯಾಷನ್ ಹೋಗಿ ಐದು ವರ್ಷ ಆಗಿದ್ದರೂ. ಬೆಟ್ಟದ ಕಥೆ ಹುಟ್ಟಿದ್ದು ಆಗಲೇ.

ನಮ್ಮ ಬಸ್ಸಿನ ಡ್ರೈವರ್ ಕೂಡ ಅದನ್ನೇ ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಮಾತು ನಿಲ್ಲಿಸಿಬಿಡುತ್ತಿದ್ದರು. ಒಬ್ಬ ಅಜ್ಜಿ ನನ್ನ ತೋಳು ಹಿಡಿದು, "ಪಾಪ, ಈಯಮ್ಮ ಎಷ್ಟು ಸುಸ್ತಾಗವಳೋ, ಅಲ್ವೇನಪ್ಪಾ? ಯಾರೂ ಇಲ್ಲವಾ ಇವಳಿಗೆ?" ಅಂದಿದ್ದು ಇನ್ನೂ ನೆನಪಿದೆ. ನಾನೇ ಅಜ್ಜಿ ಅದು ಅನ್ನಬೇಕೆಂದು ನಾಲಿಗೆ ತುದಿಗೆ ಬಂತು. ಮುಂದೆ ಹೋಗಿ ಮುಂದೆ ಹೋಗಿ ಅಂತ ಕೂಗಿ ನುಂಗಿಕೊಂಡೆ.

ನನಗೆ ದುಡ್ಡು ಬೇಡ, ಫೋಟೋ ಬೇಡ. ಆ ಗಂಟಲು ನನ್ನದು ಅಂತ ಒಬ್ಬರಿಗೆ ಗೊತ್ತಾದರೆ ಸಾಕಾಗಿತ್ತು. ಆ ಒಬ್ಬರು ನನ್ನ ಹೆಂಡತಿಯಾಗಿರಬೇಕಿತ್ತು. ಎಂಟು ವರ್ಷ ನನ್ನನ್ನು ಬರೀ ಕಂಡಕ್ಟರನ್ನಾಗಿ ನೋಡಿದ್ದವಳು ಒಮ್ಮೆ ಬೆರಗಾಗಿ ನೋಡಲಿ ಅನ್ನುವ ಆಸೆ. ಹೇಳೋಣವೆಂದರೆ ಮಾವನ ಮಾತು ಅಡ್ಡ.

ಪಕ್ಕದ ಮನೆಯಾಕೆ ಟೇಪ್ ರೆಕಾರ್ಡರ್ ತಂದು ನಮ್ಮ ಜಗಲಿಯಲ್ಲಿ ಹಾಕಿದಳು. ಹೆಂಡತಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಇನ್ನೊಂದು ಸಲ ಹಾಕೇ ಅಂದಳು.

"ಇದು ನಮ್ಮ ಥರ ಹುಳ ಸಾಕಿದೋಳೇ ಕಟ್ಟಿರೋ ಹಾಡು ಕಣೇ. ಗಂಡಸರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ?"

"ಗಂಟಲೂ ನಿನ್ನ ಥರಾನೇ ಇದೆ," ಅಂದಳು ಪಕ್ಕದ ಮನೆಯಾಕೆ.

"ಅಯ್ಯೋ, ನಾನೆಲ್ಲಿ ಹಾಡ್ತೀನಿ ಬಿಡೇ." ಅವಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಏನ್ರೀ, ನಿಮ್ಮ ಸೆಟ್ಟಿನ ಹಾಡಂತಲ್ಲ ಇದು, ಯಾರು ಆಯಮ್ಮ?" ಅಂತ ಕೇಳಿದಳು.

"ಯಾರೋ ಬೆಂಗಳೂರವಳು," ಅಂದೆ. ಮಾರನೇ ದಿನ ಬೆಳಗಿನ ಜಾವ ಗೋಡೆಯಾಚೆಯಿಂದ ಅವಳ ಗೊಣಗು ಕೇಳಿದಾಗ ಪಕ್ಕದ ಮನೆಯಾಕೆಯ ಮಾತು ನೆನಪಾಯಿತು. ಕಿವಿಗೊಟ್ಟು ಕೇಳಿದೆ. ಎಳೆಯುವ ರೀತಿ, ನಿಲ್ಲುವ ಜಾಗ, ಕೊನೆಯಲ್ಲಿ ಉಸಿರಾಗುವುದು, ಒಂದೂ ಬಿಡದೆ ಕ್ಯಾಸೆಟ್ಟಿನಲ್ಲಿ ಇದ್ದದ್ದೇ. ಬಸ್ಸಿನಿಂದ ತಂದದ್ದಲ್ಲ ಅದು. ಗೊತ್ತಾದ ಮೇಲೂ ಮಗ್ಗುಲು ಬದಲಾಯಿಸಿ ಮಲಗಿದೆ.

ಮಾವಿನ ಕಾಲ ಬಂತು. ಶ್ರೀನಿವಾಸಪುರದ ಮಂಡಿಯವರು ತಮ್ಮ ಸಂಘದ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದರು. ಒಂದೇ ಷರತ್ತು, ಹಾಡಿದ ಹುಡುಗಿ ಬರಲೇಬೇಕು. ಮಾಸ್ಟರು ತಲೆ ಕೆರೆದುಕೊಂಡು ಮಾಲೂರಿನ ಒಬ್ಬ ಹುಡುಗಿಯನ್ನು ಒಪ್ಪಿಸಿದರು. ಟೈಪಿಂಗ್ ಕಲಿಯುತ್ತಿದ್ದವಳು, ಬಡಕಲು, ಬಹಳ ಮರ್ಯಾದಸ್ಥೆ. ಅವಳು ಮುಂದೆ ನಿಂತು ಬಾಯಿ ಆಡಿಸಬೇಕು, ನಾನು ಸ್ಪೀಕರ್ ಪೆಟ್ಟಿಗೆಗಳ ಹಿಂದೆ ಕೂತು ಹಾಡಬೇಕು. ಹಿಂದೆಲ್ಲ ಪರದೆಯ ಹಿಂದೆ ಒಂದು ಚರಣ ಹಾಡಿ ಈಚೆ ಬರುತ್ತಿದ್ದೆ. ಈ ಸಲ ಈಚೆ ಬರುವುದೇ ಇಲ್ಲ. ಒಪ್ಪಿಕೊಂಡೆ, ಜಗಳ ಆಡಲು ಬೇಜಾರಾಗಿತ್ತು.

ಸಂಜೆ ಐದಕ್ಕೆ ಶುರು. ಮಂಡಿಯ ಅಂಗಳದಲ್ಲಿ ಹುಲ್ಲಿನ ಮೇಲೆ ಹರಡಿದ್ದ ಕಾಯಿಗಳನ್ನು ಒಂದು ಕಡೆಗೆ ತಳ್ಳಿ ಜಮಖಾನ ಹಾಸಿದ್ದರು. ಪೆಟ್ಟಿಗೆಗಳ ಸಂದಿಯಿಂದ ನೋಡಿದೆ. ಹೆಂಗಸರ ಕಡೆ ಎರಡನೇ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಳು. ನಮ್ಮೂರಿನ ಆರೇಳು ಹೆಂಗಸರು ಸೇರಿ ಬಸ್ಸು ಹಿಡಿದು ಬಂದಿದ್ದರು. ಮೊದಲು ಹೊಳೆದದ್ದು, ಮನೆಯಲ್ಲಿ ಹುಳ ಯಾರು ನೋಡುತ್ತಿದ್ದಾರೆ ಅಂತ. ಆಮೇಲೆ ನೆನಪಾಯಿತು, ಹಿಂದಿನ ರಾತ್ರಿ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ತಿಂಗಳಿಗೆ ಸಿಗುವ ಕಡೆಯ ರಜ ಅವಳದು. ಮಲಗುವುದು ಬಿಟ್ಟು ಈ ಹಾಡು ಕೇಳಲು ಬಂದಿದ್ದಳು.

ಮಾಸ್ಟರು ಆ ಎರಡು ತಂತಿ ಮೀಟಿದರು. ಹುಡುಗಿ ಬಾಯಿ ತೆರೆದಳು. ನಾನು ಹಾಡಿದೆ. ಹೆಂಡತಿಯನ್ನೇ ನೋಡುತ್ತಾ ಹಾಡಿದೆ, ಇನ್ನಾರಿಗೂ ಹಾಡಲಿಲ್ಲ. ಅವಳ ತುಟಿ ಅಲ್ಲಾಡುತ್ತಿತ್ತು, ಒಂದು ಸಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಹೆಮ್ಮೆಯಾಯಿತು. ಹೌದು, ಆ ಹೊತ್ತಿನಲ್ಲಿ ನನಗೆ ಆದದ್ದು ಹೆಮ್ಮೆಯೇ.

ಹಾಡು ಮುಗಿದು ಗಲಾಟೆ ಇನ್ನೂ ನಡೆಯುತ್ತಿದ್ದಾಗ ಅವಳು ಎದ್ದು ವೇದಿಕೆಯ ಪಕ್ಕದ ಮೆಟ್ಟಿಲ ಹತ್ತಿರ ಬಂದಳು. ನನಗೆ ನಾಲ್ಕು ಅಡಿ ದೂರ, ನಡುವೆ ಪೆಟ್ಟಿಗೆಗಳು. ಹುಡುಗಿಯನ್ನು ಕರೆದು ತನ್ನ ತಲೆಯಲ್ಲಿದ್ದ ಮಲ್ಲಿಗೆ ತೆಗೆದು ಅವಳಿಗೆ ಮುಡಿಸಿದಳು.

"ನಾನು ಯಾರಿಗೂ ಹೇಳ್ಕೊಳ್ಳದೆ ಇದ್ದಿದ್ನ ನೀನು ಹೇಳ್ಬಿಟ್ಟೆ ತಂಗಿ. ನಿಂಗೆ ಒಳ್ಳೇದಾಗ್ಲಿ. ನಿಮ್ಮ ಮನೇಲೂ ಹುಳ ಸಾಕ್ತೀರಾ?"

ಹುಡುಗಿ ಹೂವನ್ನು ಮುಟ್ಟಿ ನೋಡಿಕೊಂಡಳು. ಅವಳ ಕಣ್ಣು ತುಂಬಿತು. ತಗ್ಗಿದ ದನಿಯಲ್ಲಿ, "ಸುಳ್ಳು ಹೂವು ಮುಡ್ಕೊಳಕ್ಕಾಗಲ್ಲ ಅಕ್ಕಾ. ಹಾಡಿದ್ದು ನಾನಲ್ಲ. ಅಲ್ಲಿ ಹಿಂದೆ ಕೂತವ್ರೆ, ಅವರು," ಅಂದಳು.

ಹೆಂಡತಿ ಪೆಟ್ಟಿಗೆಯ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. ನಾನು ಮೈಕ್ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದೆ. ಎಷ್ಟು ದಿನದಿಂದ ಕಾದಿದ್ದ ನೋಟ ಅದು. ಬೆರಗು ಇರಲಿಲ್ಲ ಅದರಲ್ಲಿ. ತನ್ನ ಮನೆಯ ಪಾತ್ರೆಯನ್ನು ಇನ್ನಾರದೋ ಅಡುಗೆಮನೆಯಲ್ಲಿ ಕಂಡವಳ ಹಾಗೆ ಒಂದು ಕ್ಷಣ ನೋಡಿದಳು. ಆಮೇಲೆ ನೆಟ್ಟಗಾಗಿ, "ಹೂವು ಇರ್ಲಿ, ಮುಡ್ಕೊಳಮ್ಮ," ಅಂತ ಹುಡುಗಿಗೆ ಹೇಳಿ ಹೊರಟಳು.

ಏಳು ಗಂಟೆಯ ಬಸ್ಸಿನಲ್ಲಿ ಅವಳ ಪಕ್ಕ ಕೂತೆ. ನಮ್ಮ ಡ್ರೈವರನೇ ಇದ್ದ. ನಮ್ಮ ಸೆಟ್ಟಿನದು ಅಂತ ನನ್ನನ್ನು ಖುಷಿಪಡಿಸಲು ಆ ಹಾಡನ್ನೇ ಹಾಕಿದ. ಬೇಡ ನಿಲ್ಲಿಸೋ ಅಂದೆ, ಅವನಿಗೆ ಕೇಳಿಸಲಿಲ್ಲ. ಹಾಡು ಮುಗಿಯುವವರೆಗೆ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಮಾತಾಡೇ ಅಂದರೆ, "ಸುಸ್ತಾಗಿದೆ ಕಣ್ರೀ," ಅಂದಳು. ಮನೆಗೆ ಬಂದು ಮಕ್ಕಳಿಗೆ ಮುದ್ದೆ ಹಾಕಿ, ಹುಳದ ಮನೆಗೆ ಒಂದು ಸಲ ಇಣುಕಿ ಮಲಗಿಬಿಟ್ಟಳು. ಮಾವನಿಗೆ ಕೊಟ್ಟ ಮಾತು ಮುರಿದದ್ದಕ್ಕೆ ಹೇಗೆ ತಪ್ಪೊಪ್ಪಿಕೊಳ್ಳಬೇಕೆಂದು ನಾನು ಮಾತುಗಳನ್ನು ಜೋಡಿಸುತ್ತಾ ಬಿದ್ದುಕೊಂಡೆ.

ನಾಲ್ಕು ಗಂಟೆಗೆ ಅವಳು ಎದ್ದ ಸದ್ದಾಯಿತು. ಗೋಡೆಯಾಚೆ ತಟ್ಟೆ ಎಳೆದಳು. ಹುಳ ಜ್ವರದಿಂದ ಎದ್ದಿದ್ದವು. ಆವತ್ತು ಅವಳು ಏನೂ ಗೊಣಗಲಿಲ್ಲ. ಎದ್ದು ಹೋಗಿ ಗೋಣಿತಟ್ಟು ಸರಿಸಿ ಬಾಗಿಲಲ್ಲಿ ನಿಂತೆ. ಲಾಂದ್ರ ಗೂಟಕ್ಕೆ ನೇತುಹಾಕಿತ್ತು, ಸೊಪ್ಪಿನ ಗುಡ್ಡೆಯ ಪಕ್ಕ ಅವಳು ಕೂತಿದ್ದಳು.

"ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ, ನಿಜ. ತಪ್ಪಾಯ್ತು ಕಣೇ," ಅಂದೆ.

"ನಮ್ಮಪ್ಪ ಕೇಳಿದ್ದು ಅವ್ರ ಮರ್ಯಾದೆಗೆ. ನಾನೇನ್ ಕೇಳಿದ್ನಾ? ನೀವು ಹೆಂಗೆ ಹಾಡಿದ್ರೂ ನಂಗೇನು." ತಲೆ ಎತ್ತಲಿಲ್ಲ. "ಒಂದು ಕೇಳ್ತೀನಿ ಹೇಳಿ. ನಾನು ಇಲ್ಲಿ ಅಂದಿದ್ದೆಲ್ಲ ನಿಮಗೆ ಮಂಚದ ಮೇಲೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಎಲ್ಲಾನೂ? ಆ ಕೊನೇ ತಟ್ಟೆಗೆ ಉಸಿರು ಬಿಡೋದೂವೆ?"

"ಹೂಂ."

"ನಿಮಗೆ ನಿದ್ದೆ ಬಂದಿರ್ತದೆ, ಪಾಪ, ಕೇಳಿಸಲ್ಲ ಅಂದ್ಕೊಂಡು ಎಂಟು ವರ್ಷ ಸುಮ್ನಿದ್ದೆ ನಾನು." ಈಗ ತಲೆ ಎತ್ತಿದಳು. "ಅಷ್ಟು ಚೆನ್ನಾಗಿ ಕೇಳಿಸ್ತಿದ್ರೂ ಒಂದು ದಿನಾನೂ ಯಾಕೆ ಎದ್ದು ಬರಲಿಲ್ಲ?"

ಬಸ್ಸಿನ ದಣಿವು ಅನ್ನಬಹುದಿತ್ತು, ಅನ್ನಲು ಬಾಯಿ ಬರಲಿಲ್ಲ. ಒಳಗೆ ಹೋಗಿ ಮೂಲೆಯಲ್ಲಿದ್ದ ಕತ್ತಿ ತೆಗೆದುಕೊಂಡು ಮಣೆಯ ಮೇಲೆ ಕೂತೆ. ಒಂದು ಹಿಡಿ ಸೊಪ್ಪು ಎಳೆದುಕೊಂಡು ಸಣ್ಣಗೆ, ಅಚ್ಚುಕಟ್ಟಾಗಿ ಕುಯ್ಯಲು ಶುರು ಮಾಡಿದೆ. ಅವಳು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದಳು.

"ಏನ್ಮಾಡ್ತಿದೀರಾ?"

"ಸೊಪ್ಪು ಕುಯ್ತಿದೀನಿ."

"ನಾಲ್ಕನೇ ಜ್ವರ ಎದ್ದ ಮೇಲೆ ಕುಯ್ಯಲ್ಲ ಕಣ್ರೀ. ಇಡೀ ಎಲೆ ಹಾಕ್ತಾರೆ. ಊರಿಗೆಲ್ಲ ಹಾಡು ಹೇಳಿದ್ರಿ, ಇಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಕತ್ತಿ ಕೆಳಗಿಟ್ಟೆ. ಅವಳು ನಗುತ್ತಾಳೇನೋ ಅಂದುಕೊಂಡೆ, ನಗಲಿಲ್ಲ. ಒಂದು ತಟ್ಟೆ ಹೊರಗೆಳೆದು, ಎಲೆ ಹೇಗೆ ಹರಡಬೇಕು ಅಂತ ಒಂದೇ ಸಲ ಮಾಡಿ ತೋರಿಸಿದಳು. ಆಮೇಲೆ ಸೊಪ್ಪಿನ ಚೀಲಕ್ಕೆ ಒರಗಿ ಕೂತಳು. ನಾನು ಎಲೆ ಹರಡಿದೆ. ಹುಳಗಳು ಎಲೆಯ ಅಂಚು ಹಿಡಿದು ತಿನ್ನತೊಡಗಿದವು. ಸರಿಯಾಗಿದೆಯಾ ನೋಡೇ ಅಂತ ಕೇಳಿದೆ. ತಿರುಗಿ ನೋಡಿದರೆ ಬಾಯಿ ಅರೆ ತೆರೆದು, ಕೈಯಲ್ಲಿ ಒಂದು ಎಲೆ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಇನ್ನೂ ಹದಿನೇಳು ತಟ್ಟೆ ಉಳಿದಿದ್ದವು.